ಸುಟ್ಟಗಾಯದಿಂದ ಕೂಡಿಹೋದ ಕಾಲ್ಬೆರಳುಗಳು: ಬಿಡಿಸುವುದಕ್ಕಿಂತ ಚರ್ಮ ಹೊಂದಿಸುವುದೇ ದೊಡ್ಡ ಕೆಲಸ

ಎಳೆಯ ವಯಸ್ಸಿನಲ್ಲಿ ಕಾಲು ಸುಟ್ಟುಕೊಂಡ ಮಗುವಿನ ಗಾಯ ಮಾಗಿ, ಕಟ್ಟು ಬಿಚ್ಚಿ, ಕೆಲವು ತಿಂಗಳು ಕಳೆದ ಮೇಲೆ ಎರಡು ಮೂರು ಬೆರಳುಗಳು ಒಂದಕ್ಕೊಂದು ಕೂಡಿಕೊಂಡಿರುವುದು ಮನೆಯವರ ಕಣ್ಣಿಗೆ ಬೀಳುತ್ತದೆ. ಅಂಟಿಕೊಂಡಿರುವ ಜಾಗವನ್ನು ಕೊಯ್ದು ಬಿಡಿಸಿದರೆ ಆಯಿತಲ್ಲ ಎಂದು ಅವರು ವೈದ್ಯರನ್ನು ಕೇಳುತ್ತಾರೆ. ಪ್ರಶ್ನೆ ಸಹಜವಾದದ್ದೇ. ಆದರೆ ಕೊಯ್ದು ಬಿಡಿಸಿದ ಕೂಡಲೇ ಎರಡು ಬೆರಳುಗಳ ಎದುರುಬದುರು ಮಗ್ಗುಲುಗಳಲ್ಲೂ ಅವುಗಳ ನಡುವಿನ ಸಂದಿಯ ಬುಡದಲ್ಲೂ ಹಸಿ ಮಾಂಸ ತೆರೆದುಕೊಳ್ಳುತ್ತದೆ. ಅದನ್ನು ಮುಚ್ಚಲು ಅಲ್ಲಿ ಚರ್ಮವೇ ಇರುವುದಿಲ್ಲ. ಹಾಗೆಯೇ ಬಿಟ್ಟರೆ ಆ ಎರಡು ಗಾಯಗಳು ಕೆಲವೇ ವಾರಗಳಲ್ಲಿ ಮತ್ತೆ ಬೆಸೆದುಕೊಳ್ಳುತ್ತವೆ, ಅದೂ ಮೊದಲಿಗಿಂತ ಗಡುಸಾದ ಕಲೆಯೊಂದಿಗೆ. ಈ ತೊಂದರೆಯ ಮೂಲವಿರುವುದು ಚರ್ಮದ ಕೊರತೆಯಲ್ಲಿ. ಶಸ್ತ್ರಚಿಕಿತ್ಸೆಯನ್ನು ಯಾಕೆ ಆ ರೀತಿಯಲ್ಲೇ ಮಾಡುತ್ತಾರೆ, ಅದಕ್ಕೆ ಯಾಕೆ ಕಾಯಿಸುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಆರೈಕೆ ಯಾಕೆ ಬೇಕು, ಕೆಲವು ಮಕ್ಕಳನ್ನು ಎರಡನೆಯ ಸಲ ಯಾಕೆ ಕರೆಯುತ್ತಾರೆ ಎಂಬುದೆಲ್ಲ ಈ ಕೊರತೆಯನ್ನು ಹಿಡಿದು ನೋಡಿದರೆ ತಿಳಿಯಾಗುತ್ತದೆ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮನೆಗಳಲ್ಲಿ ಚಿಕ್ಕ ಮಕ್ಕಳ ಪಾದ ಸುಡುವ ಬಗೆಗಳು ನಮಗೆಲ್ಲ ಗೊತ್ತಿರುವಂಥವೇ. ಬಚ್ಚಲ ಒಲೆಯ ಹಂಡೆಯಿಂದ ತೋಡಿದ ಕುದಿನೀರು ತಣ್ಣೀರು ಬೆರೆಸುವ ಮೊದಲು ಬಕೆಟ್ಟಿನಲ್ಲಿ ಒಂದೆರಡು ನಿಮಿಷ ಇರುತ್ತದೆ. ಆಗಷ್ಟೇ ನಡೆಯಲು ಕಲಿತ ಮಗುವಿಗೆ ಅಷ್ಟು ಹೊತ್ತು ಸಾಕು. ಅಡಿಕೆ ಸುಗ್ಗಿಯಲ್ಲಿ ಅಂಗಳದಲ್ಲೇ ಬೇಯುವ ಹಂಡೆ, ಮಳೆಗಾಲದ ಅಗ್ಗಿಷ್ಟಿಕೆ, ಒಲೆಯಿಂದ ಬಾಚಿ ಹಿತ್ತಿಲಿಗೆ ಸುರಿದ ಬೂದಿಯೊಳಗೆ ಗಂಟೆಗಟ್ಟಲೆ ಆರದೆ ಉಳಿಯುವ ಕೆಂಡ, ಇವೂ ಅಂಥವೇ. ಬೂದಿಯ ಗುಡ್ಡೆ ಮೇಲಿನಿಂದ ತಣ್ಣಗೆ ಕಾಣುತ್ತದೆ. ಬರಿಗಾಲಲ್ಲಿ ಅದರ ಮೇಲೆ ಹತ್ತಿದ ಎರಡು ವರ್ಷದ ಮಗು ಓಡಿಬರುವ ಬದಲು ಅಲ್ಲೇ ನಿಂತು ಅಳುವುದುಂಟು, ಆ ಕೆಲವು ಕ್ಷಣಗಳಲ್ಲಿ ಗಾಯ ಆಳಕ್ಕಿಳಿಯುತ್ತದೆ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡುಗಳಲ್ಲಿ ಆಳವಾಗಿ ಸುಡಬಲ್ಲದು. ಮಕ್ಕಳ ಚರ್ಮ ತೆಳು, ಅಲ್ಲಿ ಅಷ್ಟೂ ಹೊತ್ತು ಬೇಡ. ಪಾದದಲ್ಲೂ ಎಲ್ಲ ಭಾಗ ಒಂದೇ ಅಲ್ಲ. ಅಂಗಾಲಿನ ಚರ್ಮ ದಪ್ಪ, ಸುಟ್ಟರೂ ಹಲವು ಬಾರಿ ತಾನೇ ಮಾಗುತ್ತದೆ. ಮೇಲ್ಪಾದದ ಚರ್ಮ ತೆಳುವಾದದ್ದು. ಅದರ ಕೆಳಗೇ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳೂ ಕೀಲುಗಳೂ ಇವೆ. ಮೇಲಿನಿಂದ ಚೆಲ್ಲುವ ನೀರು ಬೀಳುವುದು ಅಲ್ಲಿಗೇ. ಬೆರಳುಗಳನ್ನು ಕೂಡಿಸುವ, ಮೇಲಕ್ಕೆ ಎಳೆಯುವ ಕಲೆಗಳಲ್ಲಿ ಹೆಚ್ಚಿನವು ಮೇಲ್ಪಾದದಿಂದಲೇ ಹುಟ್ಟುತ್ತವೆ.

ಚರ್ಮದ ಮೇಲ್ಪದರ ಮಾತ್ರ ಸುಟ್ಟಿದ್ದರೆ, ಒಳಪದರದಲ್ಲಿ ಹುದುಗಿರುವ ಕೂದಲಿನ ಬುಡ ಮತ್ತು ಬೆವರುಗ್ರಂಥಿಗಳಿಂದ ಹೊಸ ಜೀವಕೋಶಗಳು ಎದ್ದು ಬಂದು ಎರಡು ವಾರದೊಳಗೆ ಗಾಯ ಮುಚ್ಚಿಕೊಳ್ಳುತ್ತದೆ, ಕಲೆ ಅಷ್ಟಾಗಿ ಉಳಿಯುವುದಿಲ್ಲ. ಒಳಪದರವೂ ಸುಟ್ಟುಹೋದಾಗ ಆ ಬುಡಗಳೇ ಇಲ್ಲವಾಗುತ್ತವೆ. ಆಗ ದೇಹ ಎರಡು ಉಪಾಯಗಳನ್ನು ಮಾಡುತ್ತದೆ: ಗಾಯದ ಅಂಚಿನಿಂದ ಚರ್ಮವನ್ನು ನಿಧಾನವಾಗಿ ಒಳಕ್ಕೆ ಹಬ್ಬಿಸುತ್ತದೆ, ಜೊತೆಗೆ ಗಾಯವನ್ನೇ ಎಲ್ಲ ಕಡೆಯಿಂದ ಒಳಕ್ಕೆ ಎಳೆದು ಚಿಕ್ಕದಾಗಿಸುತ್ತದೆ. ಈ ಎಳೆಯುವ ಕೆಲಸ ಮಾಡುವುದು ಮಯೋಫೈಬ್ರೋಬ್ಲಾಸ್ಟ್ ಎಂಬ ಜೀವಕೋಶಗಳು. ಸ್ನಾಯುವಿನಂತೆ ಸಂಕುಚಿಸುವ ಶಕ್ತಿ ಇವಕ್ಕಿದೆ. ಮೂರು ವಾರ ಕಳೆದರೂ ಮುಚ್ಚದ ಗಾಯ ಉಬ್ಬಿದ, ಬಿಗಿಯಾದ ಕಲೆಯಾಗುವ ಸಂಭವ ಹೆಚ್ಚು ಎಂದು ಸುಟ್ಟಗಾಯದ ವೈದ್ಯರು ಹೇಳುವುದು ಇದೇ ಕಾರಣಕ್ಕೆ. ಬೆರಳ ಸಂದಿಯಲ್ಲಿ ಇದು ನಡೆದಾಗ, ಎದುರುಬದುರಾಗಿರುವ ಎರಡು ಹಸಿ ಮಗ್ಗುಲುಗಳ ನಡುವೆ ಕೆಂಪು ಮಾಂಸ ಸೇತುವೆಯಾಗಿ ತುಂಬಿಕೊಳ್ಳುತ್ತದೆ, ಅದರ ಮೇಲೆ ಚರ್ಮ ಹಬ್ಬುತ್ತದೆ. ಹೊರಗಿನಿಂದ ನೋಡುವವರಿಗೆ ಗಾಯ ಮಾಗಿದಂತೆ ಕಾಣುತ್ತದೆ, ಸಂದಿ ಮಾತ್ರ ಮಾಯವಾಗಿರುತ್ತದೆ.

ಹುಟ್ಟಿನಿಂದಲೇ ಕೂಡಿಕೊಂಡಿರುವ ಬೆರಳುಗಳಿಗೂ ಇದಕ್ಕೂ ವ್ಯತ್ಯಾಸವಿದೆ. ಹುಟ್ಟಿನಿಂದ ಬಂದದ್ದರಲ್ಲಿ ಕೆಲವೊಮ್ಮೆ ಮೂಳೆ, ಉಗುರುಗಳೂ ಒಂದಾಗಿರುತ್ತವೆ, ಆದರೆ ಸುತ್ತಲಿನ ಚರ್ಮ ಮೃದುವಾಗಿ ಆರೋಗ್ಯವಾಗಿರುತ್ತದೆ. ಸುಟ್ಟಗಾಯದಲ್ಲಿ ಮೂಳೆಗಳು ಸಾಮಾನ್ಯವಾಗಿ ಬೇರೆ ಬೇರೆಯಾಗಿಯೇ ಇರುತ್ತವೆ, ಕೂಡಿಕೊಂಡಿರುವುದು ಹೊದಿಕೆ ಮಾತ್ರ. ಆ ಹೊದಿಕೆಯಾದರೋ ಗಡುಸಾದ ಕಲೆ. ಅದು ಹಿಗ್ಗುವುದಿಲ್ಲ, ಶಸ್ತ್ರವೈದ್ಯರು ಸಾಮಾನ್ಯವಾಗಿ ಬಳಸಿಕೊಳ್ಳುವ ಅಕ್ಕಪಕ್ಕದ ಚರ್ಮವೂ ಹಾಳಾಗಿರುತ್ತದೆ. ಇನ್ನೊಂದು ಮಾತು ಮಕ್ಕಳ ವಿಷಯದಲ್ಲಿ ಮುಖ್ಯವಾದದ್ದು. ಮಗುವಿನ ಪಾದದ ಮೂಳೆ ಹದಿಹರೆಯದ ಮಧ್ಯದವರೆಗೆ ಉದ್ದವಾಗುತ್ತ ಹೋಗುತ್ತದೆ, ಕಲೆ ಆ ವೇಗದಲ್ಲಿ ಬೆಳೆಯುವುದಿಲ್ಲ. ಎರಡನೇ ವರ್ಷದಲ್ಲಿ ಅಷ್ಟೇನೂ ತೊಂದರೆ ಕೊಡದಿದ್ದ ಬಿಗಿತ ಎಂಟನೇ ವರ್ಷದ ಹೊತ್ತಿಗೆ ಬೆರಳುಗಳನ್ನು ಮೇಲ್ಪಾದದ ಕಡೆಗೆ ಎತ್ತಿಹಿಡಿದು, ಬುಡದ ಕೀಲುಗಳನ್ನೇ ಜಾಗದಿಂದ ಜಾರಿಸಿರಬಹುದು. ಹೊಸದಾಗಿ ಏನೂ ಆಗದಿದ್ದರೂ ಕಾಲು ‘ಕೆಡುತ್ತಾ ಹೋಗುತ್ತಿದೆ’ ಎಂದು ತಾಯಂದಿರು ಹೇಳುವುದು ಪೂರ್ತಿ ಸರಿ, ಅದನ್ನು ಭ್ರಮೆಯೆಂದು ತಳ್ಳಿಹಾಕಬಾರದು.

ಹಾಗಾದರೆ ಕೂಡಿಕೊಂಡ ಕಾಲ್ಬೆರಳುಗಳನ್ನೆಲ್ಲ ಬಿಡಿಸಲೇಬೇಕೇ? ಬೇಕಾಗಿಲ್ಲ. ಕೈಬೆರಳು ಒಂದೊಂದೂ ಬೇರೆ ಬೇರೆಯಾಗಿ ದುಡಿಯಬೇಕು. ಕಾಲ್ಬೆರಳುಗಳು ಒಟ್ಟಾಗಿ ನೆಲವನ್ನು ಒತ್ತಿದರೆ ನಡಿಗೆ ಸಾಗುತ್ತದೆ. ಎರಡನೆಯ ಮತ್ತು ಮೂರನೆಯ ಬೆರಳು ಅರ್ಧಕ್ಕೆ ಕೂಡಿದ್ದು, ನೇರವಾಗಿ ಮಲಗಿದ್ದು, ನೋವಿಲ್ಲದೆ ಮಗು ಓಡಾಡುತ್ತಿದ್ದರೆ ವರ್ಷಕ್ಕೊಮ್ಮೆ ನೋಡುತ್ತ ಹಾಗೆಯೇ ಬಿಡುವುದು ಒಳ್ಳೆಯ ನಿರ್ಧಾರವೇ. ಬೆರಳುಗಳು ಮೇಲಕ್ಕೆದ್ದು ಶಾಲೆಯ ಕಪ್ಪು ಶೂ ಉಜ್ಜಿ ಹುಣ್ಣಾಗುತ್ತಿದ್ದರೆ ಮಾತು ಬೇರೆ. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವಿನ ಸಂದಿ ಮುಚ್ಚಿಹೋಗಿದ್ದರೆ ಹವಾಯಿ ಚಪ್ಪಲಿಯ ಬಾರು ಕೂರುವುದಿಲ್ಲ; ನಮ್ಮ ಊರುಗಳಲ್ಲಿ ಇದು ಸಣ್ಣ ಕೊರತೆಯಲ್ಲ. ಸಕಲೇಶಪುರ, ಮೂಡಿಗೆರೆಯ ಕಡೆಯ ಮಳೆಗಾಲದಲ್ಲಿ ಅರೆಕೂಡಿದ ಬೆರಳುಗಳ ಕೆಳಗಿನ ಕುರುಡು ಸಂದಿಯಲ್ಲಿ ತೇವ ನಿಂತು, ಚರ್ಮ ಬಿಳಚಿ ಕೊಳೆತು, ಶಿಲೀಂಧ್ರದ ಸೋಂಕು ಮತ್ತೆ ಮತ್ತೆ ಬರುತ್ತದೆ. ಬಿಗಿಯಾದ ಕಲೆ ಪದೇ ಪದೇ ಒಡೆದು ವರ್ಷಾನುಗಟ್ಟಲೆ ಮಾಗದೆ ಉಳಿದರೆ ಅಪರೂಪಕ್ಕೆ, ಬಹುಪಾಲು ದಶಕಗಳ ನಂತರ, ಅದರಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುವುದೂ ಉಂಟು. ಕಲೆಯ ಮೇಲಿನ ಇಂಥ ಹುಣ್ಣನ್ನು 1828ರಲ್ಲಿ ವಿವರಿಸಿದ ಫ್ರೆಂಚ್ ಶಸ್ತ್ರವೈದ್ಯ ಮಾರ್ಜೊಲಿನ್ ಅವರ ಹೆಸರೇ ಅದಕ್ಕೆ ನಿಂತಿದೆ. ಶಾಲೆಯಲ್ಲಿ ಶೂ ಬಿಚ್ಚಲು ಮಗು ನಾಚುತ್ತದೆ ಎಂಬುದೂ ಶಸ್ತ್ರಚಿಕಿತ್ಸೆಗೆ ತಕ್ಕ ಕಾರಣವೆಂದೇ ನಾನು ತಿಳಿಯುತ್ತೇನೆ. ನಡೆಯಲು ಬರುತ್ತದೆಯಲ್ಲ ಎಂದು ಆ ನಾಚಿಕೆಯನ್ನು ಬದಿಗೆ ಸರಿಸುವ ಹಕ್ಕು ದೊಡ್ಡವರಿಗಿಲ್ಲ.

ಸಮಯದ ಆಯ್ಕೆಯಲ್ಲಿ ಎರಡು ಒತ್ತಡಗಳಿವೆ. ಹೊಸ ಕಲೆ ಕೆಂಪಾಗಿ, ಗಟ್ಟಿಯಾಗಿ, ತುರಿಸುತ್ತ ಇರುತ್ತದೆ. ಅದು ತಣಿದು ಮೆತ್ತಗಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಅಷ್ಟರೊಳಗೆ ಕೈಯಿಟ್ಟರೆ ಹೊಸ ಗಾಯವೂ ಅದೇ ಹುರುಪಿನಿಂದ ಸಂಕುಚಿಸುವ ಭಯವಿರುವುದರಿಂದ ಸಾಮಾನ್ಯವಾಗಿ ಕಾಯುತ್ತಾರೆ. ಕಾಯುವುದೆಂದರೆ ಸುಮ್ಮನಿರುವುದಲ್ಲ, ಆ ತಿಂಗಳುಗಳಲ್ಲಿ ಎಣ್ಣೆ ಹಚ್ಚಿ ನೀವುವುದು, ಒತ್ತಡದ ಕಾಲುಚೀಲ, ಬೆರಳುಗಳನ್ನು ನೆಟ್ಟಗೆ ಹಿಡಿದಿಡುವ ಸ್ಪ್ಲಿಂಟ್ ಪಟ್ಟಿ, ಬೆರಳುಗಳ ವ್ಯಾಯಾಮ ಎಲ್ಲ ನಡೆಯುತ್ತಲೇ ಇರಬೇಕು. ಆದರೆ ಕೀಲು ಜಾರುತ್ತಿದ್ದರೆ, ಬೆರಳು ದಿನೇ ದಿನೇ ಮೇಲೇಳುತ್ತಿದ್ದರೆ ಕಲೆ ಮಾಗಲೆಂದು ಕಾಯುವುದರಲ್ಲಿ ಅರ್ಥವಿಲ್ಲ. ಬೆಳೆಯುವ ಮೂಳೆ ಒಮ್ಮೆ ಸೊಟ್ಟಗಾದರೆ ಚರ್ಮ ಸರಿಪಡಿಸಿದ ಮಾತ್ರಕ್ಕೆ ಅದು ನೆಟ್ಟಗಾಗುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಎಕ್ಸ್‌ರೇ ತೆಗೆಸಿ ಕೀಲುಗಳನ್ನು ನೋಡುತ್ತಾರೆ, ರಕ್ತಹೀನತೆ ಇದ್ದರೆ ಸರಿಪಡಿಸುತ್ತಾರೆ, ಬೆರಳ ಸಂದಿಯ ಸೋಂಕನ್ನು ಪೂರ್ತಿ ಗುಣಪಡಿಸಿಕೊಳ್ಳುತ್ತಾರೆ. ಮಗುವಿಗೆ ಕೆಮ್ಮು, ನೆಗಡಿ, ಜ್ವರವಿದ್ದರೆ ಅರಿವಳಿಕೆ ವೈದ್ಯರು ದಿನಾಂಕ ಮುಂದೂಡುತ್ತಾರೆ.

ಇನ್ನು ಶಸ್ತ್ರಚಿಕಿತ್ಸೆಯ ಒಳಗಿನ ಕೆಲಸಕ್ಕೆ ಬರೋಣ. ಮಗುವಿಗೆ ಪೂರ್ಣ ಅರಿವಳಿಕೆ ಕೊಟ್ಟು, ತೊಡೆಗೆ ಟೂರ್ನಿಕೆಟ್ ಕಟ್ಟಿ ರಕ್ತದ ಹರಿವನ್ನು ಸ್ವಲ್ಪ ಹೊತ್ತು ತಡೆಯುತ್ತಾರೆ. ಇದರಿಂದ ನೂಲಿನಷ್ಟು ಸಣ್ಣ ನರಗಳೂ ರಕ್ತನಾಳಗಳೂ ಸ್ಪಷ್ಟವಾಗಿ ಕಾಣುತ್ತವೆ. ಕೂಡಿದ ಜಾಗದ ನಡುವೆ ನೇರ ಗೆರೆ ಎಳೆದು ಕೊಯ್ಯುವುದಿಲ್ಲ. ನೇರ ಗಾಯ ಮಾಗುವಾಗ ತನ್ನುದ್ದಕ್ಕೂ ಸಂಕುಚಿಸಿ ಹಗ್ಗದಂತೆ ಬಿಗಿಯುತ್ತದೆ, ಆದ್ದರಿಂದ ಕೊಯ್ತ ಅಂಕುಡೊಂಕಾಗಿ ಸಾಗುತ್ತದೆ. ಸಂದಿಯ ಬುಡಕ್ಕೆ ಮಾತ್ರ ಆದಷ್ಟೂ ಕಸಿ ಚರ್ಮ (ಮೈಯ ಬೇರೆ ಕಡೆಯಿಂದ ಪೂರ್ತಿ ಬಿಡಿಸಿ ತಂದದ್ದು) ಹಾಕದೆ, ರಕ್ತಸಂಚಾರದ ಸಂಬಂಧ ಕಡಿಯದ ಒಂದು ಚರ್ಮದ ಎಸಳನ್ನು ಮೇಲ್ಪಾದದಿಂದ ಎಬ್ಬಿಸಿ, ಸಂದಿಯೊಳಕ್ಕೆ ಇಳಿಸಿ ಅಂಗಾಲಿನ ಕಡೆಗೆ ಹೊಲಿಯುತ್ತಾರೆ. ವೈದ್ಯರು ಇದನ್ನು ಫ್ಲಾಪ್ ಎನ್ನುತ್ತಾರೆ. ಕಸಿಗಿಂತ ಫ್ಲಾಪ್ ಕಡಿಮೆ ಸಂಕುಚಿಸುವುದರಿಂದ ಸಂದಿಯ ಬುಡ ಮತ್ತೆ ಬೆರಳ ತುದಿಯ ಕಡೆಗೆ ಹತ್ತಿಬರುವುದು ಕಡಿಮೆಯಾಗುತ್ತದೆ. ಮೇಲ್ಪಾದವೆಲ್ಲ ಕಲೆಯಾಗಿದ್ದಾಗ ಒಳ್ಳೆಯ ಎಸಳು ಸಿಗುವುದು ಕಷ್ಟ; ಆಗ ಪಕ್ಕದಲ್ಲಿ ಸುಡದೆ ಉಳಿದ ತುಣುಕನ್ನು, ಇಲ್ಲವೇ ಚೆನ್ನಾಗಿ ಮೆತ್ತಗಾದ ಕಲೆಯನ್ನೇ ದಪ್ಪವಾಗಿ ಎಬ್ಬಿಸಿ ಬಳಸಬೇಕಾಗುತ್ತದೆ.

ಬೆರಳುಗಳು ಪೂರ್ತಿ ಕೂಡದೆ, ಸಂದಿಯಲ್ಲಿ ಒಂದು ಬಿಗಿಯಾದ ಪಟ್ಟಿ ಮಾತ್ರ ಎದ್ದಿದ್ದರೆ ಜೆಡ್-ಪ್ಲಾಸ್ಟಿ ಎಂಬ ವಿಧಾನ ನೆರವಾಗುತ್ತದೆ. ಪಟ್ಟಿಯ ಮೇಲೆ ಇಂಗ್ಲಿಷಿನ ಜೆಡ್ ಅಕ್ಷರದ ಆಕಾರದಲ್ಲಿ ಕೊಯ್ದು, ಅದರಿಂದಾಗುವ ಎರಡು ತ್ರಿಕೋನಗಳನ್ನು ಅದಲುಬದಲು ಮಾಡಿ ಹೊಲಿದರೆ ಬಿಗಿದ ದಿಕ್ಕಿನಲ್ಲಿ ಉದ್ದ ಸಿಗುತ್ತದೆ. ಕೋನ 60 ಡಿಗ್ರಿ ಇದ್ದರೆ ಲೆಕ್ಕದ ಪ್ರಕಾರ ಶೇಕಡಾ 75ರಷ್ಟು, 45 ಡಿಗ್ರಿಗೆ ಶೇಕಡಾ 50ರಷ್ಟು, 30 ಡಿಗ್ರಿಗೆ ಶೇಕಡಾ 25ರಷ್ಟು ಉದ್ದ ಹೆಚ್ಚುತ್ತದೆ. ಈ ಉದ್ದ ಬರುವುದು ಅಗಲದಿಂದ: ಅಡ್ಡದಲ್ಲಿ ಸಡಿಲ ಚರ್ಮವಿದ್ದರೆ ಮಾತ್ರ ಅದನ್ನು ಉದ್ದಕ್ಕೆ ತಿರುಗಿಸಿಕೊಳ್ಳಲು ಸಾಧ್ಯ. ಎರಡೂ ಕಡೆ ಬಿಗಿಯಾಗಿದ್ದರೆ ಈ ಉಪಾಯ ನಡೆಯುವುದಿಲ್ಲ, ಹೊರಗಿನಿಂದ ಚರ್ಮ ತರಲೇಬೇಕು.

ಎರಡರಿಂದ ನಾಲ್ಕನೆಯವರೆಗೆ ಮೂರು ಬೆರಳು ಒಟ್ಟಾಗಿ ಕೂಡಿದ್ದರೆ ವೈದ್ಯರು ಒಂದೇ ದಿನ ಎರಡೂ ಸಂದಿಗಳನ್ನು ಬಿಡಿಸಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪ್ರತಿ ಬೆರಳಿಗೆ ಎರಡು ಮಗ್ಗುಲಲ್ಲೂ ರಕ್ತನಾಳ ಮತ್ತು ನರದ ಜೋಡಿ ಹರಿಯುತ್ತದೆ. ಕಲೆಯೊಳಗೆ ಕೈಯಾಡಿಸುವಾಗ ಒಂದು ಮಗ್ಗುಲಿನ ನಾಳಕ್ಕೆ ಪೆಟ್ಟಾದರೂ ಇನ್ನೊಂದು ಮಗ್ಗುಲು ಬೆರಳನ್ನು ಬದುಕಿಸುತ್ತದೆ. ಎರಡೂ ಕಡೆ ಒಂದೇ ದಿನ ಪೆಟ್ಟಾದರೆ ಬೆರಳೇ ಹೋಗುವ ಅಪಾಯವಿದೆ. ನಡುವಿನ ಬೆರಳು ಎರಡು ಸಂದಿಗಳಿಗೂ ಸೇರಿರುವುದರಿಂದ ಮೊದಲು ಒಂದನ್ನು ಬಿಡಿಸಿ, ಕೆಲವು ತಿಂಗಳು ಬಿಟ್ಟು ಇನ್ನೊಂದನ್ನು ಬಿಡಿಸುತ್ತಾರೆ. ಎರಡು ಸಲ ಬರಬೇಕೆಂದರೆ ತೋಟದ ಕೂಲಿ ಬಿಟ್ಟು ಬರುವ ತಂದೆತಾಯಿಗೆ ಕಷ್ಟವೇ, ಆದರೆ ಆ ಎರಡನೆಯ ಪ್ರಯಾಣ ಮಗುವಿನ ಬೆರಳನ್ನು ಉಳಿಸುವುದಕ್ಕಾಗಿ.

ಮೇಲಕ್ಕೆ ಎಳೆದುಕೊಂಡಿರುವ ಬೆರಳನ್ನು ಕೆಳಗಿಳಿಸಲು ಕಲೆಯನ್ನು ಬಿಡಿಸಿದರೆ ಸಾಲದಿದ್ದಾಗ ಸ್ನಾಯುರಜ್ಜುವನ್ನು ಉದ್ದಮಾಡಬೇಕಾಗಬಹುದು, ಕೀಲಿನ ಸುತ್ತಲಿನ ಪೊರೆಯನ್ನೂ ಸಡಿಲಿಸಬೇಕಾಗಬಹುದು. ನೆಟ್ಟಗಾದ ಬೆರಳು ಮತ್ತೆ ಏಳದಂತೆ ತುದಿಯಿಂದ ಒಳಕ್ಕೆ ಕೆ-ವೈರ್ ಎಂಬ ತೆಳ್ಳನೆಯ ಉಕ್ಕಿನ ಕಡ್ಡಿಯನ್ನು ತೂರಿಸಿ ಮೂರರಿಂದ ಆರು ವಾರ ಹಾಗೆಯೇ ಬಿಡುತ್ತಾರೆ. ಶಸ್ತ್ರಚಿಕಿತ್ಸೆಯ ಅತ್ಯಂತ ಆತಂಕದ ಗಳಿಗೆ ಟೂರ್ನಿಕೆಟ್ ಸಡಿಲಿಸಿದ ಮೇಲಿನದು. ಬಿಳಿಚಿಕೊಂಡಿದ್ದ ಬೆರಳುಗಳು ಒಂದೊಂದಾಗಿ ಗುಲಾಬಿ ಬಣ್ಣಕ್ಕೆ ತಿರುಗಬೇಕು. ವರ್ಷಗಳಿಂದ ಮಡಿಚಿಕೊಂಡಿದ್ದ ಬೆರಳಿನಲ್ಲಿ ರಕ್ತನಾಳವೂ ಮೊಟಕಾಗಿರುತ್ತದೆ, ನೆಟ್ಟಗೆ ಎಳೆದಾಗ ಅದು ಬಿಗಿದು ರಕ್ತ ನಿಲ್ಲಬಹುದು. ಬಣ್ಣ ಮರಳದಿದ್ದರೆ ಬೆಚ್ಚಗಿನ ಬಟ್ಟೆಯಿಟ್ಟು ಕಾಯುತ್ತಾರೆ. ಆಗಲೂ ಬಾರದಿದ್ದರೆ ಕಡ್ಡಿಯನ್ನು ಹೊರಗೆಳೆದು ಬೆರಳು ಸ್ವಲ್ಪ ಬಾಗಲು ಬಿಡುತ್ತಾರೆ. ಪೂರ್ತಿ ನೆಟ್ಟಗಿರುವ ಸತ್ತ ಬೆರಳಿಗಿಂತ ಕೊಂಚ ಬಾಗಿದ ಜೀವಂತ ಬೆರಳು ಮೇಲು.

ಫ್ಲಾಪ್ ಹೊದಿಸಿ ಉಳಿದ ಜಾಗಕ್ಕೆ ಚರ್ಮ ಕಸಿ ಬೇಕು. ಚರ್ಮವನ್ನು ಎರಡು ಬಗೆಯಲ್ಲಿ ತೆಗೆಯುತ್ತಾರೆ. ತೊಡೆಯಿಂದ ತೆಳುವಾಗಿ ಹೆರೆದು ತೆಗೆಯುವ ಪದರ ಒಂದು ಬಗೆ, ಜರ್ಮನಿಯ ಥಿಯರ್ಶ್ 1874ರಲ್ಲಿ ಬಳಕೆಗೆ ತಂದದ್ದು. ದೊಡ್ಡ ಗಾಯಗಳನ್ನು ಮುಚ್ಚಲು ಇದು ಅನಿವಾರ್ಯ, ಬೇಗ ಹಿಡಿಯುತ್ತದೆ, ಆದರೆ ಮುಂದೆ ಬಹಳ ಸಂಕುಚಿಸುತ್ತದೆ. ಚರ್ಮದ ಪೂರ್ತಿ ದಪ್ಪವನ್ನು ತೆಗೆಯುವುದು ಇನ್ನೊಂದು, ಗ್ಲಾಸ್ಗೋದ ಕಣ್ಣಿನ ವೈದ್ಯ ವುಲ್ಫ್ 1875ರಲ್ಲಿ ಬಣ್ಣಿಸಿದ್ದು. ಇದು ಹಿಡಿಯುವುದು ಸ್ವಲ್ಪ ನಾಜೂಕು, ಹಿಡಿದ ಮೇಲೆ ಸಂಕುಚನ ಕಡಿಮೆ. ಬೆಳೆಯುವ ಮಗುವಿನ ಬೆರಳಿಗೆ ಎರಡನೆಯದೇ ಸರಿ. ಅದನ್ನು ಹೆಚ್ಚಾಗಿ ತೊಡೆಸಂದಿನಿಂದ ತೆಗೆಯುತ್ತಾರೆ: ಅಲ್ಲಿ ಚರ್ಮ ಸಡಿಲವಾಗಿದೆ, ತೆಗೆದ ಜಾಗವನ್ನು ನೇರವಾಗಿ ಹೊಲಿಯಬಹುದು, ಗೆರೆ ಬಟ್ಟೆಯ ಮರೆಯಲ್ಲಿರುತ್ತದೆ. ಸೊಂಟದ ಮೂಳೆಯ ಕಡೆಗೆ ಸರಿದು ಹೊರಮಗ್ಗುಲಿನ ಚರ್ಮವನ್ನೇ ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ಮಗು ಪ್ರಾಯಕ್ಕೆ ಬಂದಾಗ ಕಾಲ್ಬೆರಳ ಸಂದಿಯಲ್ಲಿ ಕೂದಲು ಹುಟ್ಟುತ್ತದೆ. ನಮ್ಮ ಮೈಬಣ್ಣದಲ್ಲಿ ಕಸಿ ಮಾಡಿದ ಚರ್ಮ ಸುತ್ತಲಿನದಕ್ಕಿಂತ ಕಪ್ಪಾಗಿ ಕಾಣುವುದು ಸಾಮಾನ್ಯ, ಇದನ್ನು ಮೊದಲೇ ಮನೆಯವರಿಗೆ ತಿಳಿಸಿರುವುದು ಒಳ್ಳೆಯದು.

ತಂದಿಟ್ಟ ಚರ್ಮಕ್ಕೆ ಮೊದಲ ಒಂದೆರಡು ದಿನ ತನ್ನದೇ ರಕ್ತಸಂಚಾರವಿರುವುದಿಲ್ಲ. ಕೆಳಗಿನ ಗಾಯದಿಂದ ಒಸರುವ ದ್ರವವನ್ನು ಹೀರಿಕೊಂಡು ಜೀವ ಹಿಡಿದಿರುತ್ತದೆ. ಆಮೇಲೆ ಸಣ್ಣ ರಕ್ತನಾಳಗಳು ಕೆಳಗಿನಿಂದ ಬಂದು ಕೂಡಿಕೊಳ್ಳುತ್ತವೆ, ಐದನೇ ದಿನದ ಹೊತ್ತಿಗೆ ರಕ್ತ ಓಡಾಡತೊಡಗುತ್ತದೆ. ನಾಟಿ ಮಾಡಿದ ಸಸಿ ಬೇರು ಬಿಡುವ ಮೊದಲು ಅಲುಗಾಡಬಾರದು ಎಂದು ಗದ್ದೆ ಮಾಡುವವರಿಗೆ ಗೊತ್ತಿರುವಂತೆ, ಈ ಐದು ದಿನ ಕಸಿಯೂ ಜರುಗಬಾರದು, ಅದರ ಕೆಳಗೆ ರಕ್ತ ಹೆಪ್ಪುಗಟ್ಟಬಾರದು, ಕೀವಾಗಬಾರದು. ಅದಕ್ಕಾಗಿಯೇ ಒದ್ದೆ ಹತ್ತಿಯ ಉಂಡೆಯನ್ನು ಕಸಿಯ ಮೇಲೆ ಒತ್ತಿ ಕಟ್ಟಿ, ಚಿಕ್ಕ ಮಕ್ಕಳಿಗೆ ಮಂಡಿಯ ಮೇಲಿನವರೆಗೂ ಪ್ಲಾಸ್ಟರ್ ಹಾಕುತ್ತಾರೆ. ಸುಟ್ಟದ್ದು ಬೆರಳು, ಕಟ್ಟಿದ್ದು ಇಡೀ ಕಾಲು ಎಂದು ಅಜ್ಜಿಯರು ಆಕ್ಷೇಪಿಸುವುದುಂಟು, ಆದರೆ ಮೂರು ವರ್ಷದ ಮಗು ಮೊಣಕಾಲಿನ ಕೆಳಗಿನ ಪ್ಲಾಸ್ಟರನ್ನು ಒಂದೇ ರಾತ್ರಿಯಲ್ಲಿ ಒದ್ದು ಕಳಚಿಬಿಡುತ್ತದೆ. ಐದರಿಂದ ಏಳನೇ ದಿನ ಮೊದಲ ಕಟ್ಟು ಬಿಚ್ಚಿದಾಗ ಕಸಿ ನೇರಳೆಯಾಗಿ, ಕೆಲವೆಡೆ ಕಪ್ಪಾಗಿ ಕಂಡು ಮನೆಯವರು ಗಾಬರಿಯಾಗುತ್ತಾರೆ. ಎಷ್ಟೋ ಬಾರಿ ಸತ್ತಿರುವುದು ಅದರ ಮೇಲ್ಪದರ ಮಾತ್ರ. ಅದು ಸಿಪ್ಪೆಯಂತೆ ಉದುರಿದ ಮೇಲೆ ಕೆಳಗೆ ಎಳೆಗೆಂಪು ಚರ್ಮ ಕಾಣಿಸುತ್ತದೆ.

ಮನೆಗೆ ಬಂದ ಮೇಲಿನ ಆರೈಕೆಯನ್ನು ನಾನು ಶಸ್ತ್ರಚಿಕಿತ್ಸೆಯ ಇನ್ನರ್ಧ ಎಂದೇ ಎಣಿಸುತ್ತೇನೆ. ಹೊಲಿಗೆ ಮಾಗಿದ ಬಳಿಕ ಬೆರಳ ಸಂದಿಯಲ್ಲಿ ಸಿಲಿಕೋನ್ ಅಥವಾ ಸ್ಪಂಜಿನ ತುಂಡು ಕೂರಿಸಿ, ಮೇಲೆ ಅಳತೆಗೆ ಹೊಲಿಸಿದ ಒತ್ತಡದ ಕಾಲುಚೀಲ ಹಾಕಿ, ಸ್ನಾನ ಮತ್ತು ಮಾಲೀಸಿನ ಹೊತ್ತು ಬಿಟ್ಟು ಹಗಲೂ ರಾತ್ರಿಯೂ ತೊಡಿಸಬೇಕು. ಇದು ಕಲೆ ತಣಿಯುವವರೆಗೆ, ಅಂದರೆ ವರ್ಷದ ಆಚೀಚೆ, ನಡೆಯಬೇಕಾದ ಕೆಲಸ. ಕೊಬ್ಬರಿ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಸಂದಿಯನ್ನು ಒತ್ತಿ ನೀವುವುದನ್ನು ಫಿಸಿಯೋಥೆರಪಿಸ್ಟರಿಂದ ಕಲಿತುಕೊಳ್ಳಬಹುದು, ಖರ್ಚಿಲ್ಲದ ಈ ಕೆಲಸದ ಗುಣ ದೊಡ್ಡದು. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲುಚೀಲ ಒಣಗುವುದೇ ಇಲ್ಲ, ಆದ್ದರಿಂದ ಎರಡು ಜೊತೆ ಹೊಲಿಸಿಕೊಂಡು, ಬದಲಿಸುವಾಗ ಸಂದಿಯ ತೇವವನ್ನು ಹತ್ತಿಬಟ್ಟೆಯಿಂದ ಒತ್ತಿ ತೆಗೆಯಬೇಕು. ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯವರಿಗೆ ಒತ್ತಿ ಹೇಳಬೇಕು. ಕಸಿ ಮಾಡಿದ ಚರ್ಮಕ್ಕೆ ತಿಂಗಳುಗಟ್ಟಲೆ ಬಿಸಿಯ ಅರಿವು ಸರಿಯಾಗಿರುವುದಿಲ್ಲ. ಶಾಲೆಯಿಂದ ನೆನೆದು ಬಂದ ಮಗುವನ್ನು ಒಲೆಯ ಮುಂದೆ ಕೂರಿಸಿ ಕಾಲು ಕಾಯಿಸಿದರೆ ಸುಡುತ್ತಿರುವುದು ಅದಕ್ಕೇ ಗೊತ್ತಾಗದೆ ಹೊಸ ಚರ್ಮ ಬೊಬ್ಬೆ ಏಳುತ್ತದೆ.

ಸರ್ಕಾರಿ ವ್ಯವಸ್ಥೆಯ ದಾರಿ ಹೀಗಿದೆ. ಹಾಸನದಲ್ಲಾದರೆ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ, ಚಿಕ್ಕಮಗಳೂರಿನಲ್ಲಾದರೆ ಜಿಲ್ಲಾ ಆಸ್ಪತ್ರೆಗೆ ಮೊದಲು ತೋರಿಸಬೇಕು. ಅಲ್ಲಿಂದ ಅಗತ್ಯ ಬಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆಗೋ, ಸುಟ್ಟಗಾಯಕ್ಕೆಂದೇ ಪ್ರತ್ಯೇಕ ವಿಭಾಗವಿರುವ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೋ ಪತ್ರ ಕೊಡುತ್ತಾರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ, ಆ ಶಿಫಾರಸು ಪತ್ರವನ್ನು ಜೋಪಾನವಾಗಿಡಬೇಕು. ಅಂಗನವಾಡಿ ಮತ್ತು ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ಕಾಲನ್ನು ತೋರಿಸಬಹುದು.

ಇಷ್ಟೆಲ್ಲ ಕಷ್ಟದ ಬಹುಪಾಲನ್ನು ಗಾಯವಾದ ಮೊದಲ ದಿನವೇ ತಗ್ಗಿಸಲು ಸಾಧ್ಯವಿದೆ. ಸುಟ್ಟ ಕೂಡಲೇ ಕಾಲ್ಗೆಜ್ಜೆ, ಚೈನು ತೆಗೆದು, ನಲ್ಲಿಯ ಹರಿಯುವ ನೀರಿನ ಕೆಳಗೆ ಪಾದವನ್ನು 20 ನಿಮಿಷ ಹಿಡಿಯಬೇಕು. ಉಳಿದ ಮೈಗೆ ಬಟ್ಟೆ ಹೊದಿಸಿ ಬೆಚ್ಚಗಿಡಬೇಕು. ಟೂತ್‌ಪೇಸ್ಟ್, ಶಾಯಿ, ಅರಿಸಿನ, ಕಾಫಿಪುಡಿ ಯಾವುದನ್ನೂ ಹಚ್ಚಬಾರದು, ಅವು ಗಾಯದ ಆಳವನ್ನು ವೈದ್ಯರಿಗೆ ಮರೆಮಾಚುತ್ತವೆ, ಸೋಂಕಿಗೂ ದಾರಿಯಾಗುತ್ತವೆ. ಕಟ್ಟು ಕಟ್ಟುವಾಗ ಐದು ಬೆರಳನ್ನೂ ಒಂದೇ ಸುತ್ತಿನಲ್ಲಿ ಸೇರಿಸಿ ಕಟ್ಟದೆ, ಪ್ರತಿ ಸಂದಿಯಲ್ಲೂ ಔಷಧ ಸವರಿದ ಜಾಲರಿ ಬಟ್ಟೆ ಇಟ್ಟು ಬೆರಳುಗಳನ್ನು ಬೇರೆ ಬೇರೆಯಾಗಿ ಸುತ್ತಬೇಕು. ಡ್ರೆಸ್ಸಿಂಗಿಗೆ ಹೋದಾಗ ಇದನ್ನು ಕೇಳಿ ಮಾಡಿಸಿಕೊಳ್ಳಲು ತಾಯ್ತಂದೆಯರು ಸಂಕೋಚಪಡಬೇಕಾಗಿಲ್ಲ. ಮೂರು ವಾರದೊಳಗೆ ತಾನಾಗಿ ಮಾಗುವುದಿಲ್ಲವೆಂದು ತೋರುವ ಆಳದ ಗಾಯಕ್ಕೆ ಆಗಲೇ ಚರ್ಮ ಕಸಿ ಮಾಡಿಸಿದರೆ ಮುಂದಿನ ಸೆಳೆತ ಬಹಳಷ್ಟು ಕಡಿಮೆಯಾಗುತ್ತದೆ.

ಚೆನ್ನಾಗಿ ಮಾಡಿದ ಶಸ್ತ್ರಚಿಕಿತ್ಸೆಯ ನಂತರವೂ ಸಂದಿ ವರ್ಷಗಳು ಕಳೆದಂತೆ ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಹತ್ತಬಹುದು. ಪಾದ ಬೆಳೆಯುತ್ತಿದೆ, ಕಲೆ ಹಿಂದೆ ಬೀಳುತ್ತಿದೆ ಎಂಬುದೇ ಅದರ ಕಾರಣ. ಮೊದಲ ಶಸ್ತ್ರಚಿಕಿತ್ಸೆ ವ್ಯರ್ಥವಾಯಿತೆಂದು ಅದರ ಅರ್ಥವಲ್ಲ. ಜೂನ್‌ನಲ್ಲಿ ಶಾಲೆ ತೆರೆದು ಹೊಸ ಶೂವಿನ ಅಳತೆ ನೋಡುವ ದಿನ ಮಗುವಿನ ಎರಡೂ ಪಾದಗಳನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ದಿನಾಂಕ ಬರೆದಿಟ್ಟುಕೊಳ್ಳಿ, ಬೆರಳುಗಳನ್ನು ಅಗಲಿಸಿ ಮೇಲಿನಿಂದೊಂದು, ಪಕ್ಕದಿಂದೊಂದು ಫೋಟೋ ತೆಗೆದಿಡಿ. ಹಿಂದಿನ ವರ್ಷದ ಗೆರೆಯ ಪಕ್ಕದಲ್ಲಿಟ್ಟಾಗ ಒಂದು ಪಾದ ಬೆಳೆದು ಇನ್ನೊಂದು ಹಿಂದುಳಿದಿದ್ದರೆ, ಬೆರಳ ತುದಿ ಕಾಗದ ಮುಟ್ಟದೆ ಮೇಲೆದ್ದಿದ್ದರೆ, ಆ ಕಾಗದವನ್ನೂ ಫೋಟೋಗಳನ್ನೂ ಹಳೆಯ ಡಿಸ್ಚಾರ್ಜ್ ಚೀಟಿಯ ಜೊತೆ ತೆಗೆದುಕೊಂಡು ಅದೇ ಪ್ಲಾಸ್ಟಿಕ್ ಸರ್ಜನ್ ಬಳಿಗೆ ಹೋಗಿ.